ಆಪಾಳ ಬಳೆಗಳು

ಬಾಗಲೂರಿನ ನಮ್ಮ ಬೀದಿಯಲ್ಲಿ ಯಾರಿಗೆ ಅರ್ಜಿ ತುಂಬಿಸಬೇಕಾದರೂ ನನ್ನ ಮನೆಗೇ ಬರುತ್ತಾರೆ. ಏಳನೆಯ ತರಗತಿಯವರೆಗೆ ಉರ್ದು, ಆಮೇಲೆ ಕನ್ನಡದಲ್ಲಿ ಓದಿದವನು ಎಂಬ ವಿಶ್ವಾಸ. ಮೊನ್ನೆ ಸಂಜೆ ಬಂದವರು ಪಕ್ಕದ ಮನೆಯ ಆಟೋ ಓಡಿಸುವ ಭಾಯಿ. ಅವರ ಮಗಳಿಗೆ ಸಿಇಟಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಬ್ಯಾಂಕ್ ಸಾಲದ ಅರ್ಜಿಯನ್ನು ಮೇಜಿನ ಮೇಲಿಟ್ಟು, "ಇದರಲ್ಲಿ ಸೂದ್ ಇದೆಯಲ್ಲ, ಭಾಯ್?" ಎಂದರು.

"ಇದೆ" ಎಂದೆ. ಅವರು ಅರ್ಜಿಯನ್ನು ಮೆಲ್ಲನೆ ಮಡಚತೊಡಗಿದರು.

ನನಗೆ ಅಬ್ಬಾ ನೆನಪಾದರು. 1997ರಲ್ಲಿ ನಾನು ಪಿಯುಸಿ ಮುಗಿಸಿ ಪದವಿಗೆ ಸೇರಬೇಕಿತ್ತು. ಬಡ್ಡಿಯ ಪಾಪ ಬೇಡವೆಂದು ಅಬ್ಬಾ ಬ್ಯಾಂಕಿನ ಮೆಟ್ಟಿಲು ಹತ್ತಲಿಲ್ಲ. ಎರಡು ದಿನ ಕಳೆದು, ಆಪಾಳ ಮದುವೆಗೆಂದು ಮಾಡಿಸಿಟ್ಟಿದ್ದ ಬಳೆಗಳು ಗಿರವಿ ಅಂಗಡಿಗೆ ಹೋದವು. ಎಂಟು ಸಾವಿರ ರೂಪಾಯಿ. ನೂರಕ್ಕೆ ತಿಂಗಳಿಗೆ ಮೂರು, ಅಂದರೆ ವರ್ಷಕ್ಕೆ 36. ಅದನ್ನು ನಮ್ಮ ಮನೆಯಲ್ಲಿ ಯಾರೂ ಸೂದ್ ಎನ್ನಲಿಲ್ಲ, "ಬಳೆ ಇಟ್ಟಿದ್ದೇವೆ" ಎಂದರು. ಟಿಸಿಎಚ್ ಮಾಡಿ ಟೀಚರಾಗಬೇಕೆಂದಿದ್ದ ಆಪಾ ಹೊಲಿಗೆಗೆ ಕುಳಿತಳು. ತಿಂಗಳ 240 ರೂಪಾಯಿ ಅವಳ ದುಡಿಮೆಯಿಂದಲೇ ಹೋಯಿತು. ಬಳೆಗಳು ಮಾತ್ರ ಮರಳಲಿಲ್ಲ. ನಾನು ಪದವೀಧರನಾದೆ.

ಭಾಯಿಯನ್ನು ಕೂರಿಸಿ ಲೆಕ್ಕ ಹೇಳಿದೆ. ಬ್ಯಾಂಕಿನ ಬಡ್ಡಿ ವರ್ಷಕ್ಕೆ ನೂರಕ್ಕೆ 10 ಎಂದಿಟ್ಟುಕೊಂಡರೆ 4 ಲಕ್ಷಕ್ಕೆ 40 ಸಾವಿರ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ಮನೆಯ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ವೃತ್ತಿಪರ ಕೋರ್ಸ್ ಓದುತ್ತಿದ್ದರೆ ಆ ಅವಧಿಯ ಬಡ್ಡಿಯನ್ನು ಕೇಂದ್ರ ಸರಕಾರ ಭರಿಸುವ ಯೋಜನೆಯಿದೆ. ನಮ್ಮ ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲಕ್ಕೆ ಶೇ. 2 ಸೇವಾ ಶುಲ್ಕ.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಅಡಮಾನವನ್ನಾಗಲಿ ಜಾಮೀನನ್ನಾಗಲಿ ಕೇಳುವುದಿಲ್ಲ. ಆದಾಯ 8 ಲಕ್ಷದೊಳಗಿದ್ದವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿಯೂ ಉಂಟು. ಒಳ್ಳೆಯದೇ. ಆದರೆ ಅದು ಶುರುವಾದದ್ದು ರ‍್ಯಾಂಕಿಂಗ್ ಆಧರಿಸಿ ಆರಿಸಿದ 860 ಸಂಸ್ಥೆಗಳಿಗೆ. ನಮ್ಮ ಬೀದಿಯ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಕಾಲೇಜು ಸೇರುವುದು ರ‍್ಯಾಂಕು ನೋಡಿಯಲ್ಲ, ಬಸ್ಸು ನೋಡಿ. 2023ರ ಜೂನಿನಲ್ಲಿ 'ಶಕ್ತಿ' ಯೋಜನೆ ಬಂದು ಬಸ್ಸಿನ ಖರ್ಚು ಉಳಿಯಿತು. ಫೀಸಿನ ಭಾರ ಹಾಗೆಯೇ ಇದೆ.

ಸೂದ್ ಬಗ್ಗೆ ತೀರ್ಪು ಕೊಡುವಷ್ಟು ಬಲ್ಲವನಲ್ಲ ನಾನು, ಬಲ್ಲವರು ಹೇಳಲಿ. ನಾನು ಕೇಳಿದ್ದು ಇಷ್ಟೇ: "ಈ ಅರ್ಜಿ ಬೇಡವೆಂದರೆ ದುಡ್ಡು ಎಲ್ಲಿಂದ ತರುತ್ತೀರಿ?"

ಭಾಯಿ ತಲೆ ತಗ್ಗಿಸಿದರು. "ಅವಳ ಅಮ್ಮಿಯದು ಒಂದು ಸರ ಇದೆ..."

ಅರ್ಜಿಯನ್ನು ಬಿಡಿಸಿ ಪಕ್ಕಕ್ಕಿಟ್ಟೆ. ಮೊದಲು 'ಅರಿವು' ವಿಚಾರಿಸೋಣ, ಅದಾಗದಿದ್ದರೆ ಇದನ್ನು ತುಂಬೋಣ, ಸರ ಮಾತ್ರ ಮನೆಯಲ್ಲೇ ಇರಲಿ ಎಂದೆ. ಅವರು ಒಪ್ಪಿದರೋ ಇಲ್ಲವೋ, ಬೆಳಿಗ್ಗೆ ಬರುತ್ತೇನೆಂದು ಎದ್ದರು.

ರಾತ್ರಿ ಆಪಾಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹುಡುಗಿ ಅಲ್ವಾ? ಹೇಗಾದರೂ ಓದಿಸೋ" ಎಂದಳು.