ಚೀಟಿ ಇಲ್ಲದ ಹಕ್ಕಿ

ಹಕ್ಕಿಗಳನ್ನು ಪ್ರೀತಿಸುವವನು ಅವುಗಳತ್ತ ಕೋವಿ ಎತ್ತಬಹುದೆ? ತರಗತಿಯಲ್ಲಿ ಸಲೀಂ ಅಲಿಯವರ ಹೆಸರು ಬಂದಾಗಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಎತ್ತಿಯೇ ತೀರುತ್ತಾರೆ. ಪ್ರಶ್ನೆ ಮಕ್ಕಳದು, ನಿಜ. ಆದರೆ ಮೂವತ್ತು ವರ್ಷ ವಿಜ್ಞಾನ ಕಲಿಸಿದ ಮೇಲೂ ನನಗೆ ಉತ್ತರ ಸಲೀಸಾಗಿ ಬರುವುದಿಲ್ಲ.

1939-40ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಸಲೀಂ ಅಲಿ ನಮ್ಮ ನಾಡಿನ ಹಕ್ಕಿಗಳ ಸಮೀಕ್ಷೆ ಕೈಗೊಂಡರು. ಬಯಲುಸೀಮೆಯ ಕುರುಚಲು ಕಾಡಿನಲ್ಲಿ ಅಲೆದರು. ಬಾಬಾಬುಡನ್‌ಗಿರಿ ಶ್ರೇಣಿಯ ಕೆಮ್ಮಣ್ಣುಗುಂಡಿಯನ್ನೂ ಹತ್ತಿದರು. ಆ ಸಮೀಕ್ಷೆಯ ವರದಿ 1942-43ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಕಂತಾಗಿ ಅಚ್ಚಾಯಿತು.

ಅಂದಿನ ಸಮೀಕ್ಷೆಯೆಂದರೆ ನೋಡುವುದಷ್ಟೇ ಅಲ್ಲ, ಸಂಗ್ರಹಿಸುವುದೂ ಹೌದು. ಬೆಳಿಗ್ಗೆ ಸಣ್ಣ ಚರೆಗಳಿಂದ ಹೊಡೆದ ಹಕ್ಕಿ ಕೊಳೆಯುವ ಮೊದಲೇ ಬಿಡಾರದಲ್ಲಿ ಕೆಲಸ ಮುಗಿಯಬೇಕು. ಕಣ್ಣು, ಕೊಕ್ಕು, ಕಾಲುಗಳ ಬಣ್ಣ ಬೇಗ ಮಾಸುವುದರಿಂದ ಅದನ್ನು ಆಗಲೇ ಬರೆದುಕೊಳ್ಳಬೇಕು. ರೆಕ್ಕೆ, ಬಾಲಗಳ ಅಳತೆ ತೆಗೆಯಬೇಕು. ಗರಿ ಕೆಡದಂತೆ ಚರ್ಮ ಸುಲಿದು, ಹುಳು ತಿನ್ನದ ಹಾಗೆ ಒಳಬದಿಗೆ ಪಾಷಾಣ ಬೆರೆತ ಸೋಪು ಸವರಿ, ಅರಳೆ ತುಂಬಿ ಹೊಲಿಯಬೇಕು. ಒಳಗಿನ ಅಂಗಗಳನ್ನು ನೋಡಿ ಗಂಡೋ ಹೆಣ್ಣೋ ತಿಳಿಯಬೇಕು. ಕೊನೆಗೆ ಕಾಲಿಗೊಂದು ಚೀಟಿ: ಯಾವ ಊರು, ಎಷ್ಟು ಎತ್ತರ, ಯಾವ ದಿನ, ಹಿಡಿದವರು ಯಾರು.

ಆ ಚೀಟಿಯಲ್ಲೇ ಇದೆ ವಿಜ್ಞಾನ. ಅದಿಲ್ಲದಿದ್ದರೆ ಪೆಟ್ಟಿಗೆಯಲ್ಲಿ ಉಳಿಯುವುದು ಬರೀ ಗರಿ; ಹಕ್ಕಿ ಸತ್ತದ್ದೂ ದಂಡ. ಚೀಟಿ ಇದ್ದರೆ, ಕೂಡಿಟ್ಟವನು ಕನಸಿನಲ್ಲೂ ಎಣಿಸದ ಪ್ರಶ್ನೆಗೆ ಅದು ಮುಂದೊಂದು ದಿನ ಉತ್ತರ ಕೊಟ್ಟೀತು. 1967ರಲ್ಲಿ ಬ್ರಿಟನ್ನಿನ ಡೆರೆಕ್ ರ್‍ಯಾಟ್‌ಕ್ಲಿಫ್ ಹಳೆಯ ಸಂಗ್ರಹಗಳಲ್ಲಿದ್ದ ಬೇಟೆಹಕ್ಕಿಗಳ ಮೊಟ್ಟೆಗಳನ್ನು ಹೊಸ ಮೊಟ್ಟೆಗಳೊಂದಿಗೆ ಹೋಲಿಸಿದರು. 1940ರ ದಶಕದ ಕೊನೆಯಿಂದ ಚಿಪ್ಪು ತೆಳುವಾಗುತ್ತ ಬಂದಿತ್ತು. ಅದಕ್ಕೆ ಕಾರಣ ಡಿಡಿಟಿ ಎಂಬುದು ಮುಂದೆ ಖಚಿತವಾಯಿತು. ಮೊಟ್ಟೆಗಳ ಮೇಲೆ ಇಸವಿ ಬರೆದಿಡದಿದ್ದರೆ ಈ ಗುಟ್ಟು ಹೊರಬೀಳುತ್ತಿತ್ತೆ?

ಹಾಗೆಂದು ಕೋವಿಯನ್ನು ಇಂದಿಗೂ ಸಮರ್ಥಿಸಲಾರೆ. ಬಾಬಾಬುಡನ್‌ಗಿರಿಯಿಂದ ನೀಲಗಿರಿಯವರೆಗೆ ಬೆಟ್ಟದ ಮಡಿಲಿನ ಶೋಲಾ ಕಾಡುಗಳಲ್ಲಿ ನೀಲಿ ರಾಬಿನ್ ಎಂಬ ಪುಟ್ಟ ಹಕ್ಕಿಯಿದೆ. ಸುತ್ತಲಿನ ಹುಲ್ಲುಗಾವಲು, ಆಳವಾದ ಕಣಿವೆಗಳನ್ನು ದಾಟದೆ, ದ್ವೀಪದಲ್ಲಿದ್ದಂತೆ ತನ್ನ ಬೆಟ್ಟದಲ್ಲೇ ಉಳಿಯುವ ಜೀವ ಅದು. ವಿ. ವಿ. ರಾಬಿನ್ ಮತ್ತು ಸಂಗಡಿಗರು ಇಂಥ ಹಕ್ಕಿಗಳನ್ನು ನವಿರಾದ ಬಲೆಯಲ್ಲಿ ಹಿಡಿದು, ತೊಟ್ಟು ರಕ್ತ ತೆಗೆದು, ಮತ್ತೆ ಹಾರಿಬಿಟ್ಟರು. ಡಿಎನ್‌ಎ ಪರೀಕ್ಷೆಯ ಆಧಾರದಿಂದ 2017ರಲ್ಲಿ ಇವುಗಳಿಗೆ 'ಶೋಲಿಕೋಲ' ಎಂಬ ಹೊಸ ಕುಲನಾಮವನ್ನೇ ಕೊಟ್ಟರು. ಈಗ ಇಂಥ ಅಧ್ಯಯನಕ್ಕೆ 1972ರ ವನ್ಯಜೀವಿ ಕಾಯಿದೆಯಂತೆ ಅನುಮತಿ ಬೇಕು, ಬೇಕಾದದ್ದೇ. ಹನಿ ರಕ್ತ ಸಾಕಾಗುವಲ್ಲಿ ಪ್ರಾಣ ಕೇಳುವುದು ಅನ್ಯಾಯ.

ಆದ್ದರಿಂದ ಮಕ್ಕಳಿಗೆ ನಾನು ಹೇಳುವುದಿಷ್ಟು: ಸತ್ತ ಹಕ್ಕಿಗಳ ಋಣ ನಮ್ಮ ಮೇಲಿದೆ. ಅದು ಕೋವಿಯನ್ನು ಬಯ್ದರೆ ತೀರುವುದಿಲ್ಲ. ಚೀಟಿ ಬರೆದವರ ಶಿಸ್ತನ್ನು ನಾವೂ ಕಲಿತರೆ ಸ್ವಲ್ಪವಾದರೂ ತೀರೀತು. ಉಲ್ಲಾಳ ಕೆರೆಯ ಏರಿಯ ಮೇಲೆ ನಿಂತು "ಸಾರ್, ಎಷ್ಟೊಂದು ಹಕ್ಕಿ!" ಎಂದು ಹುಡುಗರು ಕೂಗಿದರೆ, "ಎಷ್ಟೊಂದು ಅಂದರೆ ಎಷ್ಟಪ್ಪಾ? ಎಣಿಸಿ ಬರೀ" ಎನ್ನುತ್ತೇನೆ. ದಿನಾಂಕ, ಹೊತ್ತು, ಜಾಗ, ಸಂಖ್ಯೆ. ಹೆಸರು ಗೊತ್ತಿಲ್ಲದಿದ್ದರೆ ಕೊಕ್ಕಿನ ಆಕಾರ, ಬಾಲ ಕುಣಿಸುವ ರೀತಿ. ಅವರು ಗೊಣಗುತ್ತಾರೆ, ಆದರೂ ಬರೆಯುತ್ತಾರೆ.

ನಮ್ಮ ಸುತ್ತ ಬಡಾವಣೆಗಳು ಏಳುತ್ತಲೇ ಇವೆ. ಇನ್ನು ಐವತ್ತು ವರ್ಷಗಳ ಮೇಲೆ ಇಲ್ಲಿ ಯಾವ ಹಕ್ಕಿಗಳಿದ್ದವೆಂದು ಯಾರಾದರೂ ಕೇಳಿದರೆ, ಎರಡು ರೂಲುಗಳ ನಡುವೆ ಅಂಕುಡೊಂಕಾಗಿ ಬರೆದ ಆ ಸಾಲುಗಳೇ ಸಾಕ್ಷಿ ಹೇಳಬೇಕು.