ಕೆರೆಯ ಮೇಲೊಂದು ಕೌದಿಯ ಡೇರೆ

ಧಾರವಾಡದ ಸಾಧನಕೇರಿಯ ದಂಡೆಗುಂಟ ದಿನಾ ಅಡ್ಡಾಡುವ ನನಗೆ, ಕೆರೆಯ ನೀರಿನ ಮೇಲೆಯೇ ನಡೆಯುವ ಯೋಗ ಎಪ್ಪತ್ತು ದಾಟಿದ ಮೇಲೆ ಬಂತು. ಕಳೆದ ಜನವರಿಯಲ್ಲಿ ಅಮೆರಿಕದ ಮಿನಿಸೋಟಾದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಒಂದು ಭಾನುವಾರ ಅಳಿಯ ಮತ್ತು ಹನ್ನೆರಡು ವರ್ಷದ ಮೊಮ್ಮಗ ನನ್ನನ್ನು ಮಿಲ್ ಲ್ಯಾಕ್ಸ್ ಎಂಬ ದೊಡ್ಡ ಸರೋವರಕ್ಕೆ ಮೀನು ಹಿಡಿಯುವುದನ್ನು ತೋರಿಸಲು ಕರೆದೊಯ್ದರು. ಅಂದು ಸೊನ್ನೆಗಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗಿನ ಥಂಡಿ. ನನ್ನ ಉಸಿರೇ ಮೀಸೆಯ ಮೇಲೆ ಹಿಮವಾಗಿ ಕೂತಿತು.

"ಒಡದ್ರ ಏನಪಾ ಗತಿ?" ಎಂದೆ.

"ಅಜ್ಜಾ, ಗಟ್ಟಿ ಮಂಜುಗಡ್ಡೆ 4 ಇಂಚು ಇದ್ರ ಸಾಕು, ನಡೀಬಹುದು. ಇಲ್ಲಿ 18 ಇಂಚು ಐತಿ, ಅಪ್ಪ ಅಳದು ನೋಡ್ಯಾನ" ಎಂದ ಮೊಮ್ಮಗ.

ಅಳಿಯ ಚೀಲದಿಂದ ಡೇರೆ ತೆಗೆದ. ಗೋಡೆಗಳ ನಡುವಿನ ಪಟ್ಟಿ ಹಿಡಿದು ಎಳೆದರೆ ಸಾಕು, ಒಳಗಿನ ಕಡ್ಡಿಗಳು ಛತ್ರಿಯಂತೆ ಬಿಚ್ಚಿಕೊಂಡು ಗೋಡೆ 'ಟಪ್' ಎಂದು ನಿಲ್ಲುತ್ತದೆ. ಗಾಳಿ ಬೀಸುವ ಬದಿಯನ್ನು ಮೊದಲು ಮಂಜುಗಡ್ಡೆಗೆ ತಿರುಪಿನ ಗೂಟ ಹಾಕಿ ಕಟ್ಟಿದರು. ಇಲ್ಲದಿದ್ದರೆ ಡೇರೆ ಗಾಳಿಪಟವೇ! ಬಟ್ಟೆ ಮುಟ್ಟಿ ನೋಡಿದೆ. ಎರಡು ಪದರ, ನಡುವೆ ಹತ್ತಿಯಂಥ ತುಂಬು. ನಮ್ಮವ್ವ ಹೊಲಿಯುತ್ತಿದ್ದ ಕೌದಿಯ ಉಪಾಯವೇ ಇದು. ಪದರಗಳ ನಡುವೆ ಸಿಕ್ಕ ಗಾಳಿ ಬೆಚ್ಚಗಿನದನ್ನು ಹೊರಗೆ ಬಿಡುವುದಿಲ್ಲ.

ಒಳಗೆ ಕತ್ತಲು. ಕೊರೆದ ತೂತಿನ ನೀರು ಮಾತ್ರ ಹಸಿರಾಗಿ ಹೊಳೆಯುತ್ತಿತ್ತು. ನೀರು 4 ಡಿಗ್ರಿಯಲ್ಲಿ ಅತಿ ಭಾರವಾಗಿ ತಳ ಸೇರುತ್ತದೆ, ಮಂಜುಗಡ್ಡೆ ಹಗುರಾಗಿ ಮೇಲೆ ತೇಲುತ್ತದೆ. ಹಾಗಾಗಿ ಮೀನುಗಳು ಚಳಿಗಾಲವಿಡೀ ಕೆಳಗೆ ಬದುಕುತ್ತವೆ. ಅವುಗಳಿಗೂ ಒಂದು ಕೌದಿ!

ಗ್ಯಾಸಿನ ಸಣ್ಣ ಹೀಟರ್ ಉರಿಯುತ್ತಿದ್ದರೂ ಮೇಲಿನ ಕಿಂಡಿಯಿಂದ ಥಂಡಿ ಗಾಳಿ ನನ್ನ ಕುತ್ತಿಗೆಗೇ ಬಡಿಯುತ್ತಿತ್ತು. ಅವರಿಬ್ಬರೂ ಗಾಳ ನೋಡುತ್ತಿದ್ದಾಗ ನಾನು ಮೆಲ್ಲಗೆ ಮಫ್ಲರ್ ತುರುಕಿ ಕಿಂಡಿ ಮುಚ್ಚಿದೆ. ಸ್ವಲ್ಪ ಹೊತ್ತಿನಲ್ಲೇ ಗೋಡೆಗೆ ತೂಗುಹಾಕಿದ್ದ ಯಂತ್ರವೊಂದು ಕೀಂ ಕೀಂ ಎಂದು ಒದರತೊಡಗಿತು. ಅಳಿಯ ಹೀಟರ್ ಆರಿಸಿ, ನಮ್ಮಿಬ್ಬರ ರಟ್ಟೆ ಹಿಡಿದು ಹೊರಗೆಳೆದ.

"ಅಜ್ಜಾ, ಕಿಂಡಿ ಮುಚ್ಚಬಾರದು! ಕಾರ್ಬನ್ ಮೊನಾಕ್ಸೈಡ್ ತುಂಬ್ತದ. ಅದಕ್ಕ ವಾಸನಿ ಇಲ್ಲ, ಬಣ್ಣ ಇಲ್ಲ. ನಿದ್ದಿ ಬಂದಂಗಾಗಿ ಏಳೂದೇ ಇಲ್ಲ" ಎಂದ ಮೊಮ್ಮಗ. ಅವನ ತುಟಿ ನಡುಗುತ್ತಿತ್ತು. ಥಂಡಿಗೋ ಅಂಜಿಕೆಗೋ ನಾನು ಕೇಳಲಿಲ್ಲ.

ಆಗ ಅವ್ವ ನೆನಪಾದಳು. ಮಳೆಗಾಲದಲ್ಲಿ ಇದ್ದಿಲ ಶೆಗಡಿ ಹೊತ್ತಿಸಿದರೆ ಕಿಟಕಿ ತೆರೆದೇ ಇಡುತ್ತಿದ್ದಳು. ನಾವು ಗೊಣಗುತ್ತಿದ್ದೆವು. ಅವಳಿಗೆ ಅನಿಲದ ಹೆಸರು ಗೊತ್ತಿರಲಿಲ್ಲ. ಬಿ.ಕಾಂ. ಓದಿದ ನನಗೆ ಹೆಸರು ಗೊತ್ತಿತ್ತು, ಬುದ್ಧಿ ಇರಲಿಲ್ಲ.

ಸಂಜೆಗೆ ಒಂದೇ ಒಂದು ಮೀನು ಸಿಕ್ಕಿತು. ವಾಲ್‌ಐ ಅಂತೆ, ಆ ರಾಜ್ಯದ ಮೀನು. ನಾವು ಮೀನು ತಿನ್ನುವವರಲ್ಲ. ಮೊಮ್ಮಗ ಅದನ್ನು ಮೆಲ್ಲಗೆ ನೀರಿಗೆ ಬಿಟ್ಟ.

ಧಾರವಾಡಕ್ಕೆ ಮರಳಿದ ದಿನವೇ ಬಚ್ಚಲಮನೆಯ ಕಿಟಕಿಗೆ ನಾನೇ ಬಡಿದಿದ್ದ ರಟ್ಟು ಕಿತ್ತೆ. ಅಲ್ಲಿ ಗ್ಯಾಸ್ ಗೀಸರ್ ಇದೆ. ಮಕ್ಕಳೇ, ನಿಮ್ಮ ಮನೆಯಲ್ಲೂ ಒಮ್ಮೆ ನೋಡಿ. ಥಂಡಿಯೆಂದು ಅಜ್ಜ ಬೈದರೂ ಕಿಟಕಿ ತೆರೆದೇ ಇರಲಿ.