ಬಂಪರಿಗೆ ಯಾವ ಎಣ್ಣೆ?

ನಿಮ್ಮ ಕಾರಿಗೆ ಐದಾರು ವರ್ಷವಾಗಿದ್ದು, ಅದು ದಿನವಿಡೀ ಬಿಸಿಲಲ್ಲೇ ನಿಲ್ಲುತ್ತಿದ್ದರೆ, ಒಮ್ಮೆ ಹೊರಗೆ ಹೋಗಿ ಬಂಪರಿನ ಕೆಳಭಾಗ, ಪಕ್ಕದ ಕನ್ನಡಿಯ ಬುಡ, ವೈಪರ್ ಕೆಳಗಿನ ಪಟ್ಟಿ ನೋಡಿ ಬನ್ನಿ. ಬಣ್ಣ ಬಳಿಯದ ಆ ಕಪ್ಪು ಪ್ಲಾಸ್ಟಿಕ್ ಈಗ ಬೂದಿ ಸವರಿದ ಹಾಗೆ ಕಾಣುತ್ತಿರುತ್ತದೆ. ನಾವಿರುವ ಬ್ರಿಸ್ಬೇನಿನಲ್ಲಿ ಬೇಸಿಗೆಯ ಮಧ್ಯಾಹ್ನ ನೇರಳಾತೀತ ಕಿರಣಗಳ ಸೂಚ್ಯಂಕ 11 ದಾಟುವುದು ಮಾಮೂಲು. ಟೋಪಿ ಇಲ್ಲದೆ ಮಕ್ಕಳನ್ನು ಶಾಲೆಯಲ್ಲಿ ಆಟಕ್ಕೆ ಬಿಡುವುದಿಲ್ಲ. ಕಾರಿಗೆ ಟೋಪಿಯೂ ಇಲ್ಲ, ಸನ್‌ಸ್ಕ್ರೀನೂ ಇಲ್ಲ.

ಇದಕ್ಕೆ ಅಂಗಡಿಯಲ್ಲಿ ಬಗೆಬಗೆಯ ದ್ರಾವಣ ಸಿಗುತ್ತದೆ. ಆದರೆ ಪರಿಚಯದವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಮನೆಮದ್ದು ಹೇಳುತ್ತಾರೆ: ಕೊಬ್ಬರಿ ಎಣ್ಣೆ ಹಚ್ಚಿ, ಆಲಿವ್ ಎಣ್ಣೆ ಸಾಕು, ಅಗಸೆ ಎಣ್ಣೆಗಿಂತ ಬೇರೆ ಬೇಡ. ಹಚ್ಚಿದ ಕೂಡಲೇ ಎಲ್ಲವೂ ಕಪ್ಪಗೆ ಮಿನುಗುತ್ತವೆ, ಆದ್ದರಿಂದ ಎಲ್ಲರೂ ಗೆದ್ದವರೇ. ಒಂದು ತಿಂಗಳ ನಂತರ ಯಾವುದು ಉಳಿದಿರುತ್ತದೆ ಎಂಬುದು ಬೇರೆ ಪ್ರಶ್ನೆ. ಕಳೆದ ಚಳಿಗಾಲದ ಶಾಲಾ ರಜೆಯಲ್ಲಿ ಮಕ್ಕಳ ಜೊತೆ ಅದನ್ನೇ ಪರೀಕ್ಷಿಸಿದೆ. ಅದರ ಫಲಿತಾಂಶದ ಜೊತೆಗೆ ನಿಮಗೆ ಇನ್ನೊಂದು ವಿಷಯವನ್ನೂ ಹೇಳಬೇಕಿದೆ.

ನಮ್ಮ ಮನೆಯಲ್ಲಿ ಕನ್ನಡ ಇದೆ. ಮಗಳಿಗೆ ಎಂಟು ವರ್ಷ, ಮಗನಿಗೆ ಐದು. ಊಟ, ಸ್ನಾನ, ನಿದ್ದೆ, ಮುದ್ದು, ಗದರಿಕೆ ಎಲ್ಲ ಕನ್ನಡದಲ್ಲೇ. ಆದರೆ ‘ಯಾಕೆ’, ‘ಹೇಗೆ’ ಎಂದು ಶುರುವಾಗುವ ಮಾತು ಎರಡನೇ ವಾಕ್ಯಕ್ಕೇ ಇಂಗ್ಲಿಷಿಗೆ ಜಾರುತ್ತದೆ. ನಿಮ್ಮ ಮನೆಯಲ್ಲೂ ಹೀಗೇ ಇರಬಹುದು. ಶಾಲೆಯಲ್ಲಿ ಆ ದಿನ ಕಲಿತ ವಿಜ್ಞಾನದ ಪಾಠವನ್ನು ಕನ್ನಡದಲ್ಲಿ ಹೇಳು ಎಂದು ಒಮ್ಮೆ ಕೇಳಿದ್ದಕ್ಕೆ ಮಗಳು, “ಅಮ್ಮ, ಅದು ಇಂಗ್ಲಿಷ್ ವಿಷಯ” ಅಂದಳು. ಉಡಾಫೆಯ ಮಾತಲ್ಲ ಅದು. ತಾನು ಕಂಡದ್ದನ್ನು ಹೇಳಿದಳು, ಅಷ್ಟೆ. ಸಂಶೋಧನೆ ನನ್ನ ಉದ್ಯೋಗ, ಅಲ್ಲಿ ಇಡೀ ದಿನ ಇಂಗ್ಲಿಷ್. ಅಮ್ಮನೇ ಕೆಲಸದ ಮಾತನ್ನು ಕನ್ನಡದಲ್ಲಿ ಆಡುವುದನ್ನು ಅವಳು ಕೇಳಿರಲಿಲ್ಲ. ಅಡುಗೆಮನೆಯ ಕನ್ನಡ ಮಾತ್ರ ಇರುವ ಮಗುವಿನ ಜೊತೆ ವಿಜ್ಞಾನ ಮಾತಾಡಬಹುದೇ? ಮಾತಾಡಬಹುದು. ಅದೇ ನಾನು ಹೇಳಬೇಕಿದ್ದ ಇನ್ನೊಂದು ವಿಷಯ.

ಕಪ್ಪು ಯಾಕೆ ಬೂದಿಯಾಯಿತು?

ಮೊದಲ ದಿನ ಎಣ್ಣೆ ಮುಟ್ಟಲೇ ಇಲ್ಲ. ಮಗನ ಕೈಗೆ ಒದ್ದೆ ಬಟ್ಟೆ ಕೊಟ್ಟು ಬಂಪರ್ ಒರೆಸಲು ಹೇಳಿದೆ. ಒರೆಸಿದಲ್ಲೆಲ್ಲ ಅಚ್ಚ ಕಪ್ಪು. ಐದು ನಿಮಿಷದಲ್ಲಿ ಬಿಸಿಲಿಗೆ ನೀರು ಆರಿತು, ಬೂದು ಬಣ್ಣ ವಾಪಸು ಬಂತು. ಅಂದರೆ ಕಪ್ಪು ಎಲ್ಲಿಗೂ ಹೋಗಿಲ್ಲ, ಒಳಗೇ ಇದೆ. ಮತ್ತೆ ಬೆಳ್ಳಗೆ ಕಾಣುವುದು ಏನು?

ಈ ಭಾಗಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನವು. ಕಪ್ಪು ಬಣ್ಣಕ್ಕೆ ಅದರಲ್ಲಿ ನುಣ್ಣನೆಯ ಇಂಗಾಲದ ಮಸಿ ಬೆರೆಸಿರುತ್ತಾರೆ. ವರ್ಷಗಟ್ಟಲೆ ಬಿಸಿಲು ಬಿದ್ದಾಗ ನೇರಳಾತೀತ ಕಿರಣವೂ ಗಾಳಿಯ ಆಮ್ಲಜನಕವೂ ಸೇರಿ ಮೇಲ್ಪದರದ ಉದ್ದುದ್ದ ಸರಪಳಿಯಂಥ ಅಣುಗಳನ್ನು ತುಂಡರಿಸುತ್ತವೆ. ಮೇಲ್ಮೈ ಬಿರುಕು ಬಿಡುತ್ತದೆ. ಆ ಬಿರುಕುಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಆದರೆ ಅವುಗಳೊಳಗೆ ಗಾಳಿ ತುಂಬಿರುತ್ತದೆ. ಬೆಳಕು ಗಾಳಿಯಿಂದ ಪ್ಲಾಸ್ಟಿಕ್ಕಿಗೆ, ಪ್ಲಾಸ್ಟಿಕ್ಕಿನಿಂದ ಗಾಳಿಗೆ ದಾಟುವಾಗಲೆಲ್ಲ ಚೂರುಚೂರಾಗಿ ಚದುರುತ್ತದೆ. ಹಾಗೆ ಚದುರಿದ ಬೆಳಕೇ ನಮಗೆ ಬಿಳುಪಾಗಿ ಕಾಣುವುದು. ಬಿರುಕಿಗೆ ನೀರು ಹೊಕ್ಕರೆ ಚದುರುವುದು ಕಡಿಮೆಯಾಗುತ್ತದೆ, ಎಣ್ಣೆ ಹೊಕ್ಕರೆ ಇನ್ನೂ ಕಡಿಮೆ. ಬೆಳಕನ್ನು ಬಗ್ಗಿಸುವ ಗುಣದಲ್ಲಿ ಗಾಳಿ 1.00, ನೀರು 1.33, ಅಡುಗೆ ಎಣ್ಣೆ ಸುಮಾರು 1.47, ಈ ಪ್ಲಾಸ್ಟಿಕ್ ಸುಮಾರು 1.49. ಎಣ್ಣೆ ಮತ್ತು ಪ್ಲಾಸ್ಟಿಕ್ ಹೆಚ್ಚುಕಡಿಮೆ ಜೋಡಿ.

ಮಕ್ಕಳಿಗೆ ಈ ಅಂಕಿಗಳನ್ನು ಹೇಳಲಿಲ್ಲ. “ಒಣ ಮಣ್ಣಿನ ಮೇಲೆ ನೀರು ಚೆಲ್ಲಿದರೆ ಏನಾಗುತ್ತೆ?” ಎಂದೆ. “ಕಪ್ಪಗಾಗುತ್ತೆ” ಎಂದ ಮಗ. “ಅಂಗಿ ಮೇಲೆ?” “ಅಲ್ಲೂ ಕಪ್ಪಗೆ.” ಬಿರುಕು, ಹೀರು, ಚದುರು, ಒದ್ದೆ, ಒಣ. ಈ ಐದು ಪದಗಳಲ್ಲಿ ಮೊದಲ ದಿನದ ಪಾಠ ಮುಗಿಯಿತು.

ನಾಲ್ಕು ಎಣ್ಣೆ, ಐದು ಚೌಕ

ಎರಡನೇ ದಿನ ಬಂಪರನ್ನು ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ, ಅಂಟುಪಟ್ಟಿಯಿಂದ ಐದು ಚೌಕ ಮಾಡಿದೆವು. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಕರಿಯಲು ಬಳಸುವ ಸೂರ್ಯಕಾಂತಿ ಎಣ್ಣೆ, ಅಗಸೆ ಎಣ್ಣೆ. ಐದನೆಯದಕ್ಕೆ ಏನೂ ಇಲ್ಲ. ಮಗಳು ಪಟ್ಟಿಯ ಮೇಲೆ ಕೊ, ಹ, ಸೂ, ಅ ಎಂದು ಬರೆದಳು. ಐದನೆಯದಕ್ಕೆ ಏನು ಬರೆಯುವುದೆಂದು ಯೋಚಿಸಿ ‘ಖಾಲಿ’ ಎಂದು ಬರೆದಳು. ಅಕ್ಷರ ತಿದ್ದಿಸಲು ಎಷ್ಟು ಸಲ ಕೂರಿಸಿದ್ದೇನೋ! ಆ ದಿನ ಯಾರೂ ಹೇಳಬೇಕಾಗಲಿಲ್ಲ. ಬರೆಯದಿದ್ದರೆ ನಾಳೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಎಣ್ಣೆಯನ್ನು ತೆಳ್ಳಗೆ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು, ಮಿಕ್ಕದ್ದನ್ನು ಒರೆಸಿದೆವು. ವಾರಕ್ಕೊಮ್ಮೆ ತೊಳೆಯುವುದು, ಬೆರಳಿಂದ ಮುಟ್ಟಿ ನೋಡುವುದು, ಒಂದು ವಾಕ್ಯ ಬರೆಯುವುದು. ಇಷ್ಟೇ ಕೆಲಸ.

ಕೊಬ್ಬರಿ ಎಣ್ಣೆ ಮೊದಲ ಸಂಜೆ ಎಲ್ಲಕ್ಕಿಂತ ಚೆನ್ನಾಗಿತ್ತು. ಮರುದಿನ ಬೆಳಗಿನ ಚಳಿಗೆ ಮಬ್ಬಾಗಿತ್ತು, ಬಿಸಿಲೇರಿದಾಗ ಮತ್ತೆ ಮಿನುಗಿತು. ಮೊದಲ ಸಲ ತೊಳೆದಾಗಲೇ ಹೊರಟುಹೋಯಿತು. ಹರಳೆಣ್ಣೆ ಹಟಮಾರಿ. ಉಳಿದ ಅಡುಗೆ ಎಣ್ಣೆಗಳಿಗಿಂತ ಅದು ಹತ್ತು ಪಟ್ಟಿಗೂ ಹೆಚ್ಚು ಮಂದ. ಹಿಂದೆ ಎತ್ತಿನ ಗಾಡಿಯ ಕೀಲೆಣ್ಣೆಗೆ ಅದನ್ನೇ ಬಳಸುತ್ತಿದ್ದುದು ಸುಮ್ಮನಲ್ಲ. ಎರಡು ಸಲ ತೊಳೆದರೂ ನಿಂತಿತು, ಆದರೆ ರಸ್ತೆಯ ಧೂಳನ್ನೆಲ್ಲ ಮೈಗೆ ಮೆತ್ತಿಕೊಂಡಿತು. ಸೂರ್ಯಕಾಂತಿ ಎರಡನೇ ವಾರದ ಹೊತ್ತಿಗೆ ಅಂಟಂಟಾಯಿತು. ಒಲೆ ಪಕ್ಕದ ಎಣ್ಣೆ ಜಾಡಿಯ ಬಾಯಿಗೆ ಕಟ್ಟಿಕೊಳ್ಳುವ ಹಳದಿ ಜಿಡ್ಡು ನಿಮಗೆ ಗೊತ್ತಲ್ಲ, ಅದೇ.

ಅಗಸೆ ಎಣ್ಣೆ ಮೊದಲ ಮೂರು ದಿನ ಎಲ್ಲರಿಗಿಂತ ಹಿಂದೆ. ಮುಟ್ಟಿದರೆ ಅಂಟು, ನೋಡಿದರೆ ಮಂಕು. ಎಂಟನೇ ದಿನ ಮಗಳು ಬೆರಳು ಒತ್ತಿ, ನೋಡಿ, ಮತ್ತೆ ಒತ್ತಿದಳು. ಅಂಟಲಿಲ್ಲ. ತೊಳೆದರೆ ಹೋಗಲಿಲ್ಲ. ಆರು ವಾರದ ಕೊನೆಗೆ ಕಪ್ಪಗಿದ್ದದ್ದು ಆ ಒಂದು ಚೌಕ ಮಾತ್ರ.

ತುಪ್ಪದ ಗಟ್ಟಿ, ಮೊಸರಿನ ಹೆಪ್ಪು

ಎಂಟನೇ ದಿನ ನನ್ನ ನಾಲಿಗೆಯ ತುದಿಗೆ ಇಂಗ್ಲಿಷ್ ಪದ ಬಂದಿತ್ತು. ಬಾಯಿ ಬಿಡುವ ಮೊದಲೇ ಮಗಳು, “ಅಮ್ಮ, ಅಗಸೆ ಎಣ್ಣೆ ಹೆಪ್ಪಾಗಿದೆ” ಅಂದಳು.

“ಕೊಬ್ಬರಿ ಎಣ್ಣೆಯೂ ಚಳಿಗೆ ಗಟ್ಟಿಯಾಗಿತ್ತಲ್ಲ, ಅದೂ ಹೆಪ್ಪೇನಾ?”

ಸ್ವಲ್ಪ ಯೋಚಿಸಿದಳು. “ಅಲ್ಲ. ಅದು ತುಪ್ಪದ ಥರ. ಬಿಸಿ ಮಾಡಿದರೆ ವಾಪಸು ನೀರಾಗುತ್ತೆ. ಇದು ಮೊಸರಿನ ಥರ. ವಾಪಸು ಹಾಲಾಗಲ್ಲ.”

ಹಿಂದೆ ಬರುವ ಬದಲಾವಣೆ, ಹಿಂದೆ ಬಾರದ ಬದಲಾವಣೆ: ರಸಾಯನ ವಿಜ್ಞಾನದ ಪಾಠ ಶುರುವಾಗುವುದೇ ಇಲ್ಲಿಂದ. ಅವಳಿಗೆ ಅದು ಸಿಕ್ಕಿದ್ದು ನಿಘಂಟಿನಲ್ಲಲ್ಲ, ರಾತ್ರಿ ಹಾಲಿಗೆ ಹೆಪ್ಪು ಹಾಕುವಾಗ ಪಕ್ಕದಲ್ಲಿ ನಿಂತು ಕೇಳಿದ ಮಾತಿನಲ್ಲಿ. ‘ನಮ್ಮ ಮಕ್ಕಳಿಗೆ ಬರೀ ಅಡುಗೆಮನೆ ಕನ್ನಡ ಬರುತ್ತೆ’ ಎಂದು ನಾವು ಸಂಕೋಚದಿಂದ ಹೇಳಿಕೊಳ್ಳುತ್ತೇವೆ. ಅಡುಗೆಮನೆಯಲ್ಲಿ ಕಾಯಿಸುವುದು, ಕರಗಿಸುವುದು, ಇಂಗಿಸುವುದು, ಪಾಕ ಬರಿಸುವುದು, ಹುದುಗು ಬರಿಸುವುದು ಎಲ್ಲ ನಡೆಯುತ್ತದೆ. ಅದೊಂದು ಪ್ರಯೋಗಶಾಲೆಯ ಭಾಷೆ.

ಹೆಪ್ಪಿನ ಕಾರಣವನ್ನು ಕೈ ಆಟವಾಗಿ ತೋರಿಸಿದೆ. ಸರಳವಾಗಿ ಹೇಳುವುದಾದರೆ, ಎಣ್ಣೆಯ ಅಣುವಿನಲ್ಲಿ ಇಂಗಾಲಗಳು ಸಾಲಾಗಿ ಕೈ ಹಿಡಿದು ನಿಂತಿರುತ್ತವೆ. ಕೆಲವು ಜೋಡಿಗಳು ಎರಡೆರಡು ಕೈ ಹಿಡಿದಿರುತ್ತವೆ. ಅಂಥಲ್ಲಿ ಒಂದು ಕೈ ಬಿಟ್ಟು ಆಮ್ಲಜನಕವನ್ನು ಹಿಡಿಯಬಹುದು, ಅದರ ಮೂಲಕ ಪಕ್ಕದ ಸಾಲನ್ನೂ ಹಿಡಿಯಬಹುದು. ಕೊಬ್ಬರಿ ಎಣ್ಣೆಯ ಕೊಬ್ಬಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಅಂಥ ಜೋಡಿಯೇ ಇಲ್ಲದ್ದು. ಹರಳೆಣ್ಣೆಯ ಸಾಲುಗಳಲ್ಲಿ ಹೆಚ್ಚಾಗಿ ಒಂದೊಂದು. ಅಗಸೆಯಲ್ಲಿ ಅರ್ಧದಷ್ಟು ಸಾಲುಗಳಿಗೆ ಮೂರು ಮೂರು. ಅದಕ್ಕೇ ಅದು ಬಲೆಯಂತೆ ಹೆಣೆದುಕೊಂಡು ಪದರವಾಗುತ್ತದೆ. ಬಟ್ಟೆ ಒಣಗುವಾಗ ನೀರು ಹೋಗಿ ಹಗುರಾಗುತ್ತದೆ. ಅಗಸೆ ಎಣ್ಣೆ ‘ಒಣಗುವಾಗ’ ಆಮ್ಲಜನಕ ಸೇರಿ ತೂಕ ಹೆಚ್ಚುತ್ತದೆ. ತೈಲವರ್ಣ ಚಿತ್ರಗಳು ಶತಮಾನಗಟ್ಟಲೆ ಉಳಿದದ್ದು ಹೀಗೆ, ಕ್ರಿಕೆಟ್ ಬ್ಯಾಟಿಗೆ ಅಗಸೆ ಎಣ್ಣೆ ಹಚ್ಚುವುದು ಇದಕ್ಕೇ. ಹೊಸ ದೋಸೆ ಕಾವಲಿಯನ್ನು ಎಣ್ಣೆ ಹಚ್ಚಿ ಕಾಯಿಸಿ ಪಳಗಿಸುವುದೂ ಇದೇ ಕ್ರಿಯೆ, ಶಾಖದಿಂದ ಬೇಗ ಆಗುತ್ತದೆ ಅಷ್ಟೆ.

ನೀವೂ ಮಾಡುವುದಾದರೆ

ಮೊದಲು ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಮರೆಯಬೇಡಿ. ಅಗಸೆ ಎಣ್ಣೆ ಹೆಪ್ಪಾಗುವಾಗ ಶಾಖ ಬಿಡುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೋ ಕಸದ ಬುಟ್ಟಿಗೋ ಎಸೆದರೆ ಶಾಖ ಒಳಗೇ ಕೂಡಿಕೊಂಡು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ನೀರಿನಲ್ಲಿ ನೆನೆಸಿ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಹಾಕಿ. ಇಲ್ಲವೇ ಹೊರಗೆ ಒಂದೇ ಪದರವಾಗಿ ಹರಡಿ ಪೂರ್ತಿ ಒಣಗಿಸಿ. ಈ ಕೆಲಸ ದೊಡ್ಡವರದ್ದು.

ಹಾರ್ಡ್‌ವೇರ್ ಅಂಗಡಿಯಲ್ಲಿ ‘ಬಾಯ್ಲ್ಡ್’ ಎಂದು ಸಿಗುವ ಅಗಸೆ ಎಣ್ಣೆ ಬೇಗ ಒಣಗುತ್ತದೆ, ಆದರೆ ಅದರಲ್ಲಿ ಸಾಮಾನ್ಯವಾಗಿ ಲೋಹದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಮಕ್ಕಳ ಕೈಗೆ ಅದು ಬೇಡ. ತಿನ್ನುವ ಅಗಸೆ ಎಣ್ಣೆ ನಿಧಾನವಾದರೂ ಸಾಕು. ಯಾವ ಎಣ್ಣೆಯಾದರೂ ತೆಳ್ಳಗಿರಲಿ. ಗಾಜು, ಟೈರು, ಬ್ರೇಕು, ಪೆಡಲು, ಸ್ಟೀರಿಂಗ್ ಹತ್ತಿರ ಸುಳಿಯಬಾರದು. ಮಕ್ಕಳ ಗೆಳೆಯರಿಗೆ ಅಲರ್ಜಿ ಇರಬಹುದಾದ್ದರಿಂದ ಕಡಲೆಕಾಯಿ ಎಣ್ಣೆಯನ್ನು ನಾನು ಬಿಟ್ಟೆ.

ಇನ್ನೊಂದು ಮಾತು. ಯಾವ ಎಣ್ಣೆಯೂ ತುಂಡಾದ ಸರಪಳಿಯನ್ನು ಮತ್ತೆ ಬೆಸೆಯುವುದಿಲ್ಲ. ಅದು ಬಿರುಕು ತುಂಬುತ್ತದೆ, ಅಷ್ಟೆ. ಅಗಸೆಯ ಪದರವೂ ಕೆಲವು ತಿಂಗಳಲ್ಲಿ ಸವೆಯುತ್ತದೆ, ಮತ್ತೆ ಹಚ್ಚಬೇಕು. ಕಾರನ್ನು ನೆರಳಲ್ಲಿ ನಿಲ್ಲಿಸುವುದು ಎಲ್ಲ ಎಣ್ಣೆಗಿಂತ ಮೇಲು.

ನಮ್ಮ ಮಾತಿನ ವಿಷಯಕ್ಕೆ ಬಂದರೆ, ಎಲ್ಲಕ್ಕೂ ಕನ್ನಡ ಪದ ಹುಡುಕಲು ಹೋಗಬೇಡಿ. ಬಂಪರ್ ಬಂಪರೇ, ಪ್ಲಾಸ್ಟಿಕ್ ಪ್ಲಾಸ್ಟಿಕ್ಕೇ. ಕ್ರಿಯಾಪದ ಕನ್ನಡದ್ದಾಗಿದ್ದರೆ ಸಾಕು, ಉಳಿದದ್ದು ಹಿಂದೆ ಬರುತ್ತದೆ. ನೀವು ಉತ್ತರ ಹೇಳುವ ಮೊದಲು ಹತ್ತು ಎಣಿಸಿ. ‘ಹೆಪ್ಪು’ ಎಂಬ ಪದ ನಮಗೆ ಸಿಕ್ಕಿದ್ದು ಆ ಹತ್ತರೊಳಗೆ.

ಪ್ರಯೋಗ ಮುಗಿದ ಭಾನುವಾರ ತಿಪಟೂರಿನ ಅಜ್ಜಿಗೆ ಫೋನಿನಲ್ಲಿ ವರದಿ ಒಪ್ಪಿಸಬೇಕಾಯಿತು. ಕೊಬ್ಬರಿಯ ಊರಿನವರಿಗೆ ಕೊಬ್ಬರಿ ಎಣ್ಣೆ ಸೋತದ್ದು ಹಿಡಿಸಲಿಲ್ಲ. “ಹಂಗಾದ್ರೆ ತಲೆಗೂ ಅಗಸೆ ಎಣ್ಣೇನೇ ಹಚ್ಕೊಳ್ಳಮ್ಮ” ಅಂದರು. ಮಗಳು ಅಲ್ಲಿಯೂ ಕನ್ನಡ ಬಿಡಲಿಲ್ಲ: “ಬೇಡ ಅಜ್ಜಿ. ಅದು ಹೆಪ್ಪಾಗುತ್ತೆ, ಬಾಚಣಿಗೆ ಸಿಕ್ಕಾಕೊಳ್ಳುತ್ತೆ. ಕೊಬ್ಬರಿ ಎಣ್ಣೆ ಹೆಪ್ಪಾಗಲ್ಲ, ಅದಕ್ಕೇ ತಲೆಗೆ ಅದೇ ಒಳ್ಳೇದು.”

ಅಜ್ಜಿ ರಾಜಿಯಾದರು. ಈಗ ಮಗ ಕೇಳುತ್ತಿದ್ದಾನೆ, ತುಪ್ಪ ಹಚ್ಚಿದರೆ ಏನಾಗುತ್ತೆ ಅಂತ. ಮುಂದಿನ ರಜೆಗೆ ‘ಖಾಲಿ’ ಚೌಕ ಹಾಗೇ ಇದೆ.